ರೈಟರ್‌ಗೆ ಹೇಳಿ

ಕಳೆದ ವರ್ಷ ಜನವರಿಯ ಎರಡನೇ ಭಾನುವಾರ. ಬಾಳೂರು ಹತ್ತಿರದ ಒಂದು ಎಸ್ಟೇಟಿನಲ್ಲಿ ನಾವು ಹನ್ನೊಂದು ಜನ ಪಾತ್ರದ ಆಟ ಆಡಲು ಸೇರಿದ್ದೆವು. ಇದು ನಾಟಕದ ಹಾಗೆಯೇ, ಆದರೆ ವೇದಿಕೆಯಿಲ್ಲ, ನೋಡುವವರಿಲ್ಲ, ಬಾಯಿಪಾಠದ ಮಾತಿಲ್ಲ. ವೇಷ ಹಾಕಿಕೊಂಡು, ಆ ಪಾತ್ರವೇ ತಾನೆಂಬಂತೆ ದಿನವಿಡೀ ತೋಟದಲ್ಲಿ ಓಡಾಡಬೇಕು. ನಾನು ರಾಣಿಯ ದೂತೆ. ಮೈಮೇಲೆ ಕೆಂಪು ಶಾಲು, ತಲೆಗೆ ನವಿಲುಗರಿ.

ಆಟವನ್ನು ಬರೆದವನು ಚಿಕ್ಕಮಗಳೂರು ಪೇಟೆಯ ನನ್ನ ಗೆಳೆಯ ಪ್ರಜ್ವಲ್. ಅವನು ಕೊಟ್ಟ ನಿಯಮಗಳನ್ನು ಹಿಂದಿನ ದಿನವೇ ಡೈರಿಗೆ ಇಳಿಸಿಕೊಂಡಿದ್ದೆ. ಮೊದಲನೆಯದು, ‘ಆಟದ ಯಜಮಾನ ಹೇಳಿದ್ದೇ ಕೊನೆ.’ ಇನ್ನೊಂದು ಹೀಗಿತ್ತು: ‘ನಿಜವಾಗಿಯೂ ತೊಂದರೆಯಾದರೆ ಆಟ ಬಿಟ್ಟು ರೈಟರ್‌ಗೆ ಹೇಳಿ.’ ನಮ್ಮ ಕಡೆ ರೈಟರ್ ಅಂದರೆ ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಕೊಯ್ಲಿನ ಲೆಕ್ಕ ಬರೆಯುವವರು. ಸರಿ ಎಂದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಕಾಫಿ ಗಿಡಗಳ ಸಂದಿಯಲ್ಲಿ ನುಗ್ಗುವಾಗ ಕಣಜದ ಹುಳುಗಳ ಗೂಡಿಗೆ ಕೈ ತಾಗಿತು. ಕುತ್ತಿಗೆಗೆ ಕಚ್ಚಿದವು. ನೋಡನೋಡುತ್ತಿದ್ದಂತೆ ತುಟಿ ಊದಿಕೊಂಡಿತು, ಉಸಿರು ಬಿಗಿಯತೊಡಗಿತು. ನಿಯಮದ ಪ್ರಕಾರ ಮೊಬೈಲನ್ನು ಎಸ್ಟೇಟಿನ ಬಂಗಲೆಯಲ್ಲೇ ಇಟ್ಟು ಬಂದಿದ್ದೆ. ಕಾಫಿ ಒಣಗಿಸುವ ಕಣಕ್ಕೆ ಓಡಿದೆ. ರೈಟರ್ ಅಲ್ಲಿ ಕುಳಿತಿದ್ದರು.

“ರೈಟ್ರೇ, ನಂಗೆ ನಿಜವಾಗ್ಲೂ ಆಗ್ತಿಲ್ಲ. ಕಣಜ ಕಚ್ಚಿದೆ.”

ಅವರು ನನ್ನ ನವಿಲುಗರಿ ನೋಡಿ ನಕ್ಕರು. “ಎಷ್ಟ್ ಚೆನ್ನಾಗಿ ಮಾಡ್ತೀ ಮಾರಾಯ್ತಿ! ಬೆಳಗ್ಗಿಂದ ಇದೇ ನೋಡ್ತಿದೀನಿ. ಒಬ್ಬ ಬಾಣ ತಾಗಿ ಇಲ್ಲೇ ಹೊರಳಾಡ್ದ. ಇನ್ನೊಬ್ಬ ಸತ್ತೇ ಹೋದ, ಆಮೇಲೆ ಎದ್ದು ಬಂದು ನೀರು ಕೇಳ್ದ.”

ನನಗೆ ತಲೆಬುಡ ತಿಳಿಯಲಿಲ್ಲ. ಇವರೂ ಆಟದಲ್ಲಿದ್ದಾರೆಯೇ? “ನಿಜವಾಗ್ಲೂ, ನಾನು ಆಟ ಬಿಟ್ಟೆ,” ಎಂದೆ.

“ಅದೆಲ್ಲ ನಂಗ್ಯಾಕೆ? ತೋಟದ ಸಾಹುಕಾರ್ರು ಹೇಳಿದಾರೆ, ಈ ಮಕ್ಕಳು ಏನ್ ಆಡಿದ್ರೂ ಮಧ್ಯೆ ಬಾಯಿ ಹಾಕ್ಬೇಡಿ ಅಂತ.”

ಶಾಲು, ಗರಿ ಎಲ್ಲವನ್ನೂ ಕಿತ್ತು ಹಾಕಿದೆ.

“ಓಹೋ, ವೇಷ ಬದ್ಲಾಯ್ತಾ? ಈ ಹೊಸ ಪಾತ್ರ ಯಾರ ಮಗಳಮ್ಮಾ?”

“ವಸ್ತಾರೆ ಹಾರ್ಡ್‌ವೇರ್ ಅಂಗಡಿ ಬಸವರಾಜಪ್ಪನ ಮಗಳು.”

ಅವರ ನಗು ನಿಂತಿತು. “ಬಸವರಾಜಪ್ಪನವ್ರ ಮಗಳಾ? ಅಯ್ಯೋ, ನಾಟಕದಲ್ಲಿ ಯಾರಾದ್ರೂ ಸ್ವಂತ ಅಪ್ಪನ ಹೆಸರು ಹೇಳ್ತಾರಾ! ಇದು ನಾಟಕ ಅಲ್ಲ!” ಎಂದು ಎದ್ದು, ಜೀಪು ತರುವಂತೆ ಕೂಗಿದರು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ಸರಾಗವಾಯಿತು. ಪ್ರಜ್ವಲ್ ಮಂತ್ರಿಯ ಪೇಟದಲ್ಲೇ ಓಡಿ ಬಂದ.

“ಯಾಕೇ ನಂಗೆ ಹೇಳ್ಲಿಲ್ಲ?”

“ರೈಟರ್‌ಗೆ ಹೇಳಿದ್ನಲ್ಲೋ.”

“ರೈಟರ್ ಅಂದ್ರೆ ನಾನು ಕಣೇ! ಆಟ ಬರೆದವ್ನು!”

“ಮತ್ತೆ ಮೊದಲ್ನೇ ನಿಯಮದಲ್ಲಿ ‘ಆಟದ ಯಜಮಾನ’ ಅಂತ ಇದೆಯಲ್ಲ, ಅದು ಯಾರು?”

“ಅದೂ ನಾನೇ.”

ಬಾಗಿಲಲ್ಲಿ ನಿಂತಿದ್ದ ರೈಟರ್ ನಮ್ಮಿಬ್ಬರನ್ನೂ ನೋಡಿ, “ಹಂಗಾದ್ರೆ ನಾನ್ಯಾರು ಮಾರಾಯ?” ಎಂದರು.

ಹೇಳುವ ಮಾತು ನಿಜವಾಗಿದ್ದರೆ ಕೇಳುವವರಿಗೆ ತಾನಾಗಿ ತಿಳಿಯುತ್ತದೆ ಎಂದು ಅಲ್ಲಿಯವರೆಗೆ ನಂಬಿದ್ದೆ. ಆ ಕಣದಲ್ಲಿ ನಿಂತು ‘ನಿಜವಾಗ್ಲೂ’ ಎಂದಷ್ಟೂ ನನ್ನ ಮಾತು ನಾಟಕದಂತೆಯೇ ಕೇಳಿಸುತ್ತಿತ್ತು. ಒಂದು ವಿಷಯವನ್ನು ಮಾತ್ರ ನಾನು ಇನ್ನೂ ಯಾರಿಗೂ ಹೇಳಿಲ್ಲ. ರೈಟರ್ ಮೊದಲ ಸಲ ನಕ್ಕಾಗ, ಆ ಊದಿದ ತುಟಿಯಲ್ಲೇ ನಾನೂ ನಕ್ಕಿದ್ದೆ. ಯಾಕೆ ನಕ್ಕೆನೋ ಇವತ್ತಿಗೂ ಗೊತ್ತಾಗಿಲ್ಲ.