ಜಾತಕದಲ್ಲಿ ಹತ್ತು ನಿಮಿಷ

ಸಂಡೂರಿನ ಅದಿರು ಲಾರಿಗಳನ್ನು ತೂಗುವ ವೇಬ್ರಿಡ್ಜ್‌ಗಳು ಸರಿಯಾಗಿವೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಅಂದು ವರದಿಯ ಪ್ರತಿ ತೆಗೆಸಲು ಅಲ್ಲಿನ ಜೆರಾಕ್ಸ್ ಅಂಗಡಿಗೆ ಹೋದಾಗ, ನನಗಿಂತ ಮುಂದೆ ಒಬ್ಬ ತಾಯಿ ಕಂಪ್ಲಿಯ ಗಂಡಿನ ಕಡೆಯವರಿಗೆ ತೋರಿಸಲು ಮಗಳ ಜಾತಕವನ್ನು ಕಂಪ್ಯೂಟರಿನಲ್ಲಿ ಹಾಕಿಸುತ್ತಿದ್ದರು.

“ಎರಡನೇ ಮನ್ಯಾಗ ಶನಿ, ಕುಜ ಕೂಡ್ಯಾರ್ರೀ ಅಕ್ಕಾ,” ಎಂದ ಅಂಗಡಿಯವನು. “ಅದು ದುಡ್ಡಿನ ಮನಿನೂ ಹೌದು, ಸಂಸಾರದ ಮನಿನೂ ಹೌದು. ಅವ್ರು ಒಪ್ಪಂಗಿಲ್ಲ.”

“ಹುಟ್ಟಿದ ಹೊತ್ತು ಹತ್ತು ನಿಮಿಷ ಹಿಂದಕ್ಕ ಹಾಕಪ್ಪ.”

ಹಾಕಿದ. ಲಗ್ನ ಬದಲಾಯಿತು, ಎರಡೂ ಗ್ರಹಗಳು ಜೋಡಿಯಾಗಿಯೇ ಮೂರನೇ ಮನೆಗೆ ಹೋಗಿ ಕುಳಿತವು. ನನಗೆ ಜ್ಯೋತಿಷ್ಯದಲ್ಲಿ ನಂಬಿಕೆಯಿಲ್ಲ. ಆದರೂ ಅಳತೆ ತಿದ್ದುವುದನ್ನು ಸುಮ್ಮನೆ ನೋಡಲಾಗಲಿಲ್ಲ.

“ಇದು ತಪ್ಪಲ್ಲವೇನಮ್ಮಾ?” ಎಂದೆ.

“ಹೆತ್ತಾಕಿ ನಾನ್ರೀ. ನರ್ಸು ಮೊದ್ಲು ಕೂಸು ತೊಳದು, ಆಮ್ಯಾಲೆ ಗಡಿಯಾರ ನೋಡಿದ್ಲು. ಹುಡುಗ ಹುಡುಗಿ ಭಾಳ ಮೆಚ್ಚಿಕೊಂಡಾರ. ನೀವೇನ್ ಕೆಲಸ ಮಾಡ್ತೀರಿ ಸರ?”

ಹೇಳಿದೆ.

“ನಿಮ್ಮ ಲಾರಿ ತೂಗೋ ಕಾಟಾದಾಗ ಒಂದೀಟೂ ಹೆಚ್ಚುಕಮ್ಮಿ ಇರಬಾರ್ದೇನ್ರಿ?”

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. “ಸ್ವಲ್ಪ ಇರಬಹುದು. ನಿಯಮವೇ ಅಷ್ಟನ್ನು ಒಪ್ಪುತ್ತದೆ.”

“ಲಾರಿಗೆ ಬಿಟ್ಟುಕೊಟ್ಟಷ್ಟು ನನ್ನ ಮಗಳಿಗೂ ಬಿಡ್ರಿ ಮತ್ತ!”

ಅಂಗಡಿಯವನು ನನ್ನ ಮುಖ ನೋಡಿದ. ನಾನು ತಲೆಯಾಡಿಸಲಿಲ್ಲ, ತಡೆಯಲೂ ಇಲ್ಲ. ಪ್ರಿಂಟು ಬಂತು; ಆಕೆ ಅದನ್ನು ಮಡಚದೆ ಎದೆಗವಚಿಕೊಂಡು ಕಂಪ್ಲಿ ಬಸ್ಸಿಗೆ ಓಡಿದರು.

ಹೊಸಪೇಟೆಯ ನನ್ನ ಕಚೇರಿಗೆ ಮರಳಿದವನೇ ನಿಯಮದ ಪುಸ್ತಕ ತೆರೆದೆ. ರಿಯಾಯಿತಿಯೆಲ್ಲ ಕಿಲೋಗಳಲ್ಲಿದೆ, ನಿಮಿಷಗಳ ಬಗ್ಗೆ ಸರ್ಕಾರ ಏನೂ ಹೇಳಿಲ್ಲ.