ಜಯಮಾಲಾಗೆ ಬಿದ್ದ ಹಸಿರು ಬಣ್ಣ

ಗಾಣಗಾಪುರದ ಜಯಮಾಲಾ ಅಫಜಲಪುರದ ಬಸ್ಸು ಹತ್ತಿದರೆ, ಇಳಿಯುವಷ್ಟರಲ್ಲಿ ಪಕ್ಕದ ಸೀಟಿನವರ ಮಗಳಿಗೆ ಎಷ್ಟನೇ ತಿಂಗಳು, ಸೊಸೆಗೆ ಯಾಕೆ ಮುನಿಸು ಎಲ್ಲವೂ ಅವಳಿಗೆ ಗೊತ್ತಾಗಿರುತ್ತದೆ. ಅಂಥವಳಿಗೆ ‘ಮಾತು ಕಡಿಮೆ, ಹೊಸಬರೆಂದರೆ ಸಂಕೋಚ’ ಎಂದು ಕಾಗದದ ಮೇಲೆ ಬರೆದುಕೊಟ್ಟರೆ ನಗಬೇಕೋ ಅಳಬೇಕೋ ನೀವೇ ಹೇಳಿ. ತಪ್ಪು ಮಾತ್ರ ಅವಳದೇ.

ಊರಿನ ಮಹಿಳಾ ಸಂಘದವರು ಯಾತ್ರಿಕರು ನದಿ ಸಂಗಮಕ್ಕೆ ಹೋಗುವ ದಾರಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮಾರುವ ಅಂಗಡಿ ಹಾಕುವವರಿದ್ದರು. ದುಡ್ಡಿನ ಗಲ್ಲೆಯ ಮೇಲೆ ಕೂತು ಗಿರಾಕಿಗಳ ಜೊತೆ ಮಾತಾಡಬೇಕೆಂಬ ಆಸೆ ಜಯಮಾಲಾಗೆ ಎಷ್ಟಿತ್ತೆಂದರೆ, ಅದಕ್ಕೆಂದೇ ಒಂದು ಸೀರೆ ತೆಗೆದಿಟ್ಟಿದ್ದಳು. ಅಷ್ಟರಲ್ಲಿ ತರಬೇತಿ ಕೊಡಲು ಕಲಬುರಗಿಯಿಂದ ಅಮರನಾಥ ಬಂದರು. ಅವರ ಚೀಲದಲ್ಲಿ ಸ್ವಭಾವ ಅಳೆಯುವ ನಲವತ್ತು ಪ್ರಶ್ನೆಗಳಿದ್ದವು. ಮುನ್ನುಗ್ಗುವವರು ಕೆಂಪು, ಮಾತುಗಾತಿಯರು ಹಳದಿ, ಅಚ್ಚುಕಟ್ಟಿನವರು ನೀಲಿ, ಸುಮ್ಮನೆ ದುಡಿಯುವವರು ಹಸಿರು. ಬಣ್ಣ ನೋಡಿ ಕೆಲಸ ಹಂಚುವುದೆಂದು ಠರಾವಾಯಿತು.

ಎದುರಿಗೆ ಕಾಗದ ಹಿಡಿದ ಪರವೂರಿನ ಗಂಡಸು. ಪಕ್ಕದಲ್ಲೇ ಅತ್ತೆ ಸಾಬವ್ವ, ಅವಳೇ ಸಂಘದ ಅಧ್ಯಕ್ಷೆ. ಜಯಮಾಲಾಳ ಕೈ ತಾನೇ ಸೆರಗು ಎಳೆದುಕೊಂಡಿತು. ಇಪ್ಪತ್ತೆರಡು ವರ್ಷದ ಹಿಂದೆ ಕನ್ಯೆ ನೋಡಲು ಬಂದವರೆದುರು ಕೂತಿದ್ದೂ ಹೀಗೆಯೇ. ಹೊಸಬರ ಜೊತೆ ತಾವಾಗಿ ಮಾತಿಗಿಳಿಯುತ್ತೀರಾ? ಇಲ್ಲ. ಸಿಟ್ಟು ಬಂದರೆ ತೋರಿಸುತ್ತೀರಾ? ಇಲ್ಲ. ನಲವತ್ತಕ್ಕೆ ನಲವತ್ತೂ ಒಳ್ಳೆಯ ಸೊಸೆಯ ಉತ್ತರ! ಹಸಿರು ಬಣ್ಣ ಬಿತ್ತು, ಪರದೆಯ ಹಿಂದೆ ಒಲೆಯ ಮುಂದೆ ಜಾಗ ಸಿಕ್ಕಿತು. ಗಲ್ಲೆ ಹಳದಿ ಬಣ್ಣದ ರಾಧಿಕಾಳ ಪಾಲಾಯಿತು.

ಹಾಗಂತ ಪರೀಕ್ಷೆ ಪೂರಾ ಪೊಳ್ಳು ಎನ್ನುವಂತಿಲ್ಲ. ನೀಲಿ ಬಿದ್ದ ಮುಮತಾಜ ಕಟ್ಟಿದ ಪೊಟ್ಟಣದಲ್ಲಿ ಒಂದು ರೊಟ್ಟಿಯೂ ಮುರಿಯುತ್ತಿರಲಿಲ್ಲ. ರಾಧಿಕಾಳೂ ನಗುನಗುತ್ತಲೇ ಮಾರುತ್ತಿದ್ದಳು. ಒಲೆಯ ಮುಂದೆ ಜಯಮಾಲಾ ಮಾತ್ರ ಯಾರ ಮೇಲಿನ ಸಿಟ್ಟನ್ನೋ ಹಿಟ್ಟಿನ ಮೇಲೆ ತೀರಿಸಿಕೊಳ್ಳುತ್ತಿದ್ದಳು.

ಮೊದಲ ಗುರುವಾರವೇ ಸೊಲ್ಲಾಪುರದ ಕಡೆಯ ಯಾತ್ರಿಕರು ಮುಕುರಿದರು. “ಹೀ ಭಾಕರಿ ಕಿತೀ ದಿವಸ ಟಿಕತೇ?” ಎಂದು ಒಬ್ಬ ಮುದುಕಿ, ಈ ರೊಟ್ಟಿ ಎಷ್ಟು ದಿನ ಇರುತ್ತದೆಂದು, ಮರಾಠಿಯಲ್ಲಿ ಕೇಳಿದಳು.

“ಖಾರ ಕಡಿಮಿ ಅದರಿ!” ಎಂದಳು, ‘ಟಿಕತೇ’ಯನ್ನು ಖಾರದ ‘ತಿಖಟ’ ಎಂದುಕೊಂಡ ರಾಧಿಕಾ. ಮುದುಕಿ ಇನ್ನೂ ಜೋರಾಗಿ ಕೇಳಿದಳು. ರಾಧಿಕಾ ಇನ್ನೂ ಜೋರಾಗಿ ಅದನ್ನೇ ಹೇಳಿದಳು. ಮುದುಕಿ ರೊಟ್ಟಿ ಕೆಳಗಿಟ್ಟು ಹೊರಟೇಬಿಟ್ಟಳು.

ಜಯಮಾಲಾಳ ತವರು ಆಳಂದ ತಾಲೂಕಿನ ಗಡಿಯ ಹಳ್ಳಿ, ಮರಾಠಿ ಅವಳಿಗೆ ಆಡುತ್ತಾ ಬಂದ ಭಾಷೆ. ಇನ್ನು ತಡೆಯಲಾಗಲಿಲ್ಲ. “ಮಹಿನಾಭರ ಟಿಕತೇ, ಮಾವಶೀ!” ಎನ್ನುತ್ತಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ತಿಂಗಳು ಇಟ್ಟರೂ ಕೆಡುವುದಿಲ್ಲ ಎಂದು ಶುರುವಾದ ಮಾತು ಮುದುಕಿಯ ಮೊಣಕಾಲು ನೋವಿನವರೆಗೆ ಹೋಯಿತು. ಹತ್ತು ಜನ ಸುತ್ತ ನೆರೆದರು. ಬುಟ್ಟಿ ಖಾಲಿಯಾದ ಮೇಲೆ ತಲೆ ಎತ್ತಿ ನೋಡಿದರೆ, ಬಾಗಿಲಲ್ಲಿ ಅಂಗಡಿ ಹೇಗೆ ನಡೆದಿದೆಯೆಂದು ನೋಡಲು ಬಂದ ಅಮರನಾಥರೂ ಸಾಬವ್ವನೂ ನಿಂತಿದ್ದರು.

“ನೀವು ಹಸಿರು ಅಲ್ರಿ?” ಎಂದರು ಅಮರನಾಥ, ಪಟ್ಟಿ ತೆಗೆದು.

ಜಯಮಾಲಾಳ ಹಿಟ್ಟಿನ ಕೈ ಮತ್ತೆ ಸೆರಗಿಗೆ ಹೋಯಿತು. ಆದರೂ ಹೇಳಿದಳು: “ಸರ, ಅತ್ತಿ ಬಾಜೂಕ ಕುಂತಿದ್ರು. ಕನ್ಯಾ ನೋಡಾಕ ಬಂದೋರ ಮುಂದ ಹೇಳಿದ್ದನ್ನೇ ನಿಮ್ಮ ಮುಂದೂ ಹೇಳಿದೆನ್ರಿ.”

“ಹಂಗಾರ ಅದೆಲ್ಲಾ ಸುಳ್ಳೇನ್ರಿ?”

“ಸುಳ್ಳಲ್ರಿ. ಮನ್ಯಾಗ ನಾ ಹಂಗೇ ಇರ್ತೇನಿ.”

ಅಮರನಾಥ ತಲೆ ಕೆರೆದುಕೊಂಡರು. “ಮರಾಠಿ ಬರ್ತದೇನು ಅಂತ ನಾನೂ ಕೇಳ್ಲಿಲ್ಲ ಬಿಡ್ರಿ,” ಎಂದು ನಕ್ಕರು.

ಸಾಬವ್ವ ನಗಲಿಲ್ಲ. ‘ನನ್ನ ಸೊಸಿ ಬಾಯಿಲ್ಲದಾಕಿ’ ಎಂದು ಓಣಿಯ ತುಂಬ ಹೇಳಿಕೊಂಡು ಬಂದವಳು ಅವಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಪರದೆ ಸರಿಸಿ ಒಳಗೆ ಹೋಗಿ ಒಲೆಯ ಮುಂದೆ ಕೂತಳು.

“ರೊಟ್ಟಿ ನಾ ಬಡೀತೇನಿ. ರಾಧಿಕಾ, ನೀ ಮುಮತಾಜನ ಕೂಡ ಕಟ್ಟಿಕೊಡು. ಜಯಮಾಲಾ, ಗಲ್ಲೆ ಮ್ಯಾಲ ಕೂಡು ಹೋಗು.” ಒಂದು ರೊಟ್ಟಿ ಬಡಿದು ಹಂಚಿಗೆ ಹಾಕಿದ ಮೇಲೆ ದನಿ ತಗ್ಗಿತು. “ಮನ್ಯಾಗೂ ಒಂದೀಟು ಮಾತಾಡ ಬೇ. ಇಡೀ ದಿನ ನಿನ್ನ ಜೋಡಿ ಇದ್ರೂ ನನಗ ಒಬ್ಬಾಕೇ ಇದ್ದಂಗ ಆಗ್ತದ.”

ಜಯಮಾಲಾ ಗಲ್ಲೆಯ ಮೇಲೆ ಕೂತಳು. ಎದುರಿಗೆ ಗಿರಾಕಿ ನಿಂತಿದ್ದ. ಅವನಿಗೆ ಏನು ಬೇಕೆಂದು ಕೇಳುವ ಮೊದಲು ಪರದೆಯ ಕಡೆ ತಿರುಗಿ ಕೇಳಿದಳು: “ಅತ್ತಿ, ನಿಮ್ಮ ಮೊಣಕಾಲು ಹ್ಯಾಂಗದರಿ?”