ನಾನು ಬದಲಿಸಿ ಹೇಳಿದ ಎರಡನೆಯ ಭಾಗ

ಆ ಕಾಲದಲ್ಲಿ ನಮ್ಮ ಕಾಪುವಿನ ಓಣಿಯಲ್ಲಿ ಸಿನೆಮಾ ನೋಡುವವರು ಇಬ್ಬರು ಮೂವರಾದರೆ, ಕೇಳುವವರು ಹತ್ತು ಹನ್ನೆರಡು ಮಂದಿ. ಮಧ್ಯಾಹ್ನದ ಊಟ ಮುಗಿದು ಪಾತ್ರೆ ಕವುಚಿ ಹಾಕಿದ ಮೇಲೆ ಅಕ್ಕಪಕ್ಕದ ಹೆಂಗಸರು ನಮ್ಮ ಜಗಲಿಗೆ ಬಂದು, ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟಲು ಕೂರುತ್ತಿದ್ದರು. ಕೈಗೆ ಕೆಲಸ ಇತ್ತು, ಬಾಯಿಗೆ ಎಲೆಯಡಿಕೆ ಇತ್ತು, ಖಾಲಿ ಇದ್ದದ್ದು ಕಿವಿ ಮಾತ್ರ. ಆ ಕಿವಿಗಳಿಗೆ ಸಿನೆಮಾ ಕತೆ ಹೇಳುವ ಕೆಲಸ ನನ್ನದು. ಅಂಥ ಮನೆಯಲ್ಲಿ ಬೆಳೆದವರಿಗೆ ಒದ್ದೆ ಎಲೆಯ ವಾಸನೆ, ಹೊಗೆಸೊಪ್ಪಿನ ಪುಡಿಗೆ ಬರುವ ಸೀನು, ಇವನ್ನೆಲ್ಲ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕೆಲಸಕ್ಕೆ ಒಂದು ಕಟ್ಟುಪಾಡಿತ್ತು. ಕತೆ ಎಷ್ಟೇ ಜೋರಾಗಿದ್ದರೂ ಕಟ್ಟುವ ಕೈ ನಿಲ್ಲಬಾರದು. ನಿಂತರೆ ಅಜ್ಜಿ ಬೈಯುತ್ತಿದ್ದದ್ದು ನಿಲ್ಲಿಸಿದವರನ್ನಲ್ಲ, ನನ್ನನ್ನು. ಹಾಗಾಗಿ ನಾನು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಬೆರಳುಗಳನ್ನೇ ನೋಡುತ್ತಿದ್ದೆ. ಬೆರಳು ನಿಧಾನವಾದರೆ ಒಂದು ಹೊಡೆದಾಟ ತುರುಕುವುದು, ತೀರಾ ನಿಂತೇ ಹೋಗುವಂತಿದ್ದರೆ ಅಳುವ ಭಾಗವನ್ನು ಮೊಟಕು ಮಾಡುವುದು. ಆರನೇ ಕ್ಲಾಸಿನ ಹುಡುಗಿಗೆ ಇದಕ್ಕಿಂತ ದೊಡ್ಡ ಅಧಿಕಾರ ಬೇರೆ ಉಂಟೇ? ನನಗೆ ಅದರ ಸೊಕ್ಕು ಚೆನ್ನಾಗಿಯೇ ಇತ್ತು.

ಆ ವರ್ಷ ದೊಡ್ಡ ರಜೆಯಲ್ಲಿ ಪಕ್ಕದ ಮನೆಯ ಜೆಸಿಂತಾಳ ಅಪ್ಪ ಕುವೈತಿನಿಂದ ಬಂದವರು ಸಿ.ಡಿ. ಪ್ಲೇಯರ್ ತಂದಿದ್ದರು. ಜೆಸಿಂತಾ ನನ್ನದೇ ಕ್ಲಾಸು, ಲಗೋರಿಯಲ್ಲಿ ನನ್ನದೇ ಕಡೆ. ಅವರ ಮನೆಯಲ್ಲಿ ಕೂತು ನಾವಿಬ್ಬರೂ ಒಂದು ಇಂಗ್ಲಿಷ್ ಸಿನೆಮಾ ನೋಡಿದೆವು. ಮಾತು ಅರ್ಧವೂ ತಿಳಿಯಲಿಲ್ಲ, ಕಷ್ಟದ ಕಡೆ ಅಂಕಲ್ ಹೇಳಿಕೊಟ್ಟರು. ಚಂದ್ರನ ಮೇಲೆ ಒಂದು ಗಣಿ. ಅಲ್ಲಿ ದುಡಿಯುವವರು ಓಡಿಹೋಗದಂತೆ ಕಾಯಲು, ಓಡಿದರೆ ಬಡಿಯಲು, ಮನೆಯಷ್ಟು ಎತ್ತರದ ಒಂದು ಯಂತ್ರ. ಗಣಿಯ ಒಬ್ಬ ಹೆಣ್ಣಾಳು ಅದಕ್ಕೆ ಹೆದರದೆ ದಿನಾ ಮಾತಾಡಿಸುತ್ತಾಳೆ. ಕೊನೆಗೆ ಗಣಿ ಕುಸಿಯುವಾಗ ಅದೇ ಯಂತ್ರ ಮುಚ್ಚುತ್ತಿರುವ ಬಾಗಿಲಿಗೆ ಹೆಗಲು ಕೊಟ್ಟು ನಿಲ್ಲುತ್ತದೆ. ಎಲ್ಲರೂ ಹೊರಗೆ ಓಡಿ ಬದುಕುತ್ತಾರೆ, ಅದು ಒಳಗೇ ಉಳಿಯುತ್ತದೆ.

ಇದನ್ನು ನಾನು ಜಗಲಿಯಲ್ಲಿ ಮೂರು ಮಧ್ಯಾಹ್ನ ಹೇಳಿದೆ. ಹೆಂಗಸರು ಆ ಯಂತ್ರಕ್ಕೆ ಕಬ್ಬಿಣದವ ಎಂದು ಹೆಸರಿಟ್ಟರು. ಹೆಗಲು ಕೊಟ್ಟ ಜಾಗಕ್ಕೆ ಬಂದಾಗ ಎಲ್ಲರ ಕೈಯೂ ನಿಂತಿತು, ಅಜ್ಜಿಯದೂ ನಿಂತದ್ದರಿಂದ ನನಗೆ ಬೈಗುಳ ಬೀಳಲಿಲ್ಲ. ಎಲ್ಲರಿಗಿಂತ ಹೆಚ್ಚು ಅತ್ತದ್ದು ಗಿರಿಜಕ್ಕ.

ಗಿರಿಜಕ್ಕ ಆಚೆ ಮನೆಯವಳು. ಕಾರ್ಕಳಕ್ಕೆ ಮದುವೆಯಾಗಿ ಹೋದವಳು ಎರಡು ವರ್ಷಕ್ಕೆ ತಾಯಿಯ ಮನೆಗೆ ವಾಪಸು ಬಂದಿದ್ದಳು. ಗಂಡ ಕಲ್ಲಿನ ಲಾರಿ ಓಡಿಸುತ್ತಿದ್ದ, ಕುಡಿಯುತ್ತಿದ್ದ, ಹೊಡೆಯುತ್ತಿದ್ದ. ದೊಡ್ಡವರು ಇದನ್ನು ನಮ್ಮ ಮುಂದೆ ಹೇಳುತ್ತಿರಲಿಲ್ಲ, ಆದರೆ ಬೀಡಿ ಕಟ್ಟುವ ಜಗಲಿಯಲ್ಲಿ ಮಕ್ಕಳಿಗೆ ಗೊತ್ತಾಗದೆ ಉಳಿಯುವ ಸಂಗತಿ ಯಾವುದೂ ಇರಲಿಲ್ಲ. ಆ ರಜೆಯಲ್ಲೇ ಗಂಡನ ಕಡೆಯಿಂದ ಸುದ್ದಿ ಬಂತು. ಕುಡಿತ ಬಿಟ್ಟಿದ್ದಾನಂತೆ, ತುಂಬ ಬದಲಾಗಿದ್ದಾನಂತೆ, ಬರುವ ಶುಕ್ರವಾರ ಅವನ ಅಣ್ಣ ಬಂದು ಕರೆದುಕೊಂಡು ಹೋಗುತ್ತಾನಂತೆ. ಗಿರಿಜಕ್ಕ ಹೋಗುತ್ತೇನೆ ಎನ್ನಲೂ ಇಲ್ಲ, ಇಲ್ಲ ಎನ್ನಲೂ ಇಲ್ಲ.

ಅದೇ ವಾರ ಉಡುಪಿಯ ಟಾಕೀಸಿಗೆ ಆ ಸಿನೆಮಾದ ಎರಡನೆಯ ಭಾಗ ಬಂತು, ಪೋಸ್ಟರಿನಲ್ಲಿ ಕಬ್ಬಿಣದವನೇ ಇದ್ದ. ಬುಧವಾರ ಅಂಕಲ್ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗುವುದು ಎಂದಾಯಿತು. ಹಿಂದಿನ ದಿನ ನಾನು ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತಿದ್ದಾಗ ಗಿರಿಜಕ್ಕ ಕೊಡಪಾನ ಕೆಳಗಿಟ್ಟು ಹತ್ತಿರ ಬಂದಳು. ಸುತ್ತ ಯಾರೂ ಇರಲಿಲ್ಲ.

"ಶಾಲು, ನಾಳೆ ಸರಿಯಾಗಿ ನೋಡಿ ಬಾ. ಅವ ವಾಪಸು ಬರ್ತಾನಲ್ಲ, ಬರುವಾಗ ಒಳ್ಳೆಯವನಾಗಿಯೇ ಬರ್ತಾನಾ ಅಂತ ನೋಡು."

ನನಗೆ ಹನ್ನೊಂದು ವರ್ಷ. ಅವಳು ಕೇಳುತ್ತಿದ್ದದ್ದು ಸಿನೆಮಾ ಮಾತ್ರವಲ್ಲ ಎಂದು ಆಗ ತಿಳಿದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ತಿಳಿದಿತ್ತು.

ಟಾಕೀಸಿನಲ್ಲಿ ಎರಡನೆಯ ಭಾಗ ಶುರುವಾದಾಗ ನಾನು ಕುರ್ಚಿಯ ತುದಿಯಲ್ಲಿ ಕೂತಿದ್ದೆ. ಮೊದಲನೆಯದರಲ್ಲಿ ಆಕಾಶದಲ್ಲಿ ಹಾರುವ ಹಡಗು ಒಂದಿದ್ದರೆ ಇದರಲ್ಲಿ ಇಪ್ಪತ್ತು. ಊರಿಗೆ ಊರೇ ಉರಿಯುತ್ತಿತ್ತು, ಎದೆ ಗುದ್ದುವಷ್ಟು ಸದ್ದು. ಗಣಿಯ ಯಜಮಾನರು ಕಬ್ಬಿಣದವನನ್ನು ಅಗೆದು ತೆಗೆದು ರಿಪೇರಿ ಮಾಡಿ ಕಳಿಸುತ್ತಾರೆ. ಆ ಹೆಂಗಸು ದೂರದಿಂದ ಅವನನ್ನು ಕಂಡವಳೇ ಖುಷಿಯಿಂದ ಎದುರಿಗೆ ಓಡುತ್ತಾಳೆ. ಅವನಿಗೆ ಅವಳ ಗುರುತೇ ಇಲ್ಲ. ಅವಳ ಮನೆಯ ಬಾಗಿಲು ಒಡೆಯುತ್ತಾನೆ, ಅವಳನ್ನು ಹಿಡಿದು ಎಸೆಯುತ್ತಾನೆ. ಕೊನೆಗೆ ಅವಳೇ ತನ್ನ ಕೈಯಾರೆ ಅವನ ಬೆನ್ನಿನ ವಯರು ಕಿತ್ತು ಅವನನ್ನು ಮುಗಿಸುತ್ತಾಳೆ. ಜನ ಶಿಳ್ಳೆ ಹೊಡೆದರು. ನಾನು ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದೆ.

ಅಂಕಲ್ ಹೋಟೆಲಿಗೆ ಕರೆದೊಯ್ದು ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಿದರು. ನನ್ನದು ಲೋಟದಲ್ಲೇ ಕರಗಿತು. ವಾಪಸು ಬರುವ ಬಸ್ಸಿನಲ್ಲಿ ಜೆಸಿಂತಾ ಎರಡನೆಯದೇ ಒಳ್ಳೆಯದು ಎಂದಳು. ನಾನು ಅಲ್ಲ ಎಂದೆ. ಅವಳು ಹಡಗು, ಬೆಂಕಿ ಎಂದೆಲ್ಲ ಲೆಕ್ಕ ಕೊಡಬಹುದೆಂದು ನಾನು ಜಗಳಕ್ಕೆ ತಯಾರಾಗಿದ್ದೆ, ಅವಳು ಹೇಳಿದ್ದೇ ಬೇರೆ.

"ಮೊದಲನೆಯದರಲ್ಲಿ ನಮ್ಮನ್ನು ಸುಮ್ಮನೆ ಅಳಿಸಿದ್ದು ಮಾರಾಯ್ತಿ. ಯಂತ್ರ ಅಂದ್ರೆ ಅದಕ್ಕೆ ಯಾರು ಕೀ ಕೊಡ್ತಾರೋ ಅವರ ಮಾತು ಕೇಳುವಂಥದ್ದು. ಇದರಲ್ಲಿ ನಿಜ ತೋರಿಸಿದ್ದಾರೆ."

ಎರಡನೆಯದು ಮೊದಲನೆಯದನ್ನು ಹಾಳು ಮಾಡಿತು ಎಂದಷ್ಟೇ ಹೇಳಿ, ಕಟಪಾಡಿ ದಾಟುವವರೆಗೂ ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ನಾಳೆ ಮಧ್ಯಾಹ್ನ ಜಗಲಿಯಲ್ಲಿ ಎಂತ ಹೇಳುವುದು ಎನ್ನುವುದೊಂದೇ ತಲೆಯಲ್ಲಿತ್ತು.

ಗುರುವಾರ ಎಂದಿಗಿಂತ ಹೆಚ್ಚು ಜನ ಬಂದಿದ್ದರು. ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿತ್ತು, ಕಾಗೆ ಓಡಿಸಲು ಕೋಲು ಹಿಡಿದು ಜೆಸಿಂತಾ ಮೆಟ್ಟಿಲ ಮೇಲೆ ಕೂತಿದ್ದಳು. ಗಿರಿಜಕ್ಕ ಕಂಬಕ್ಕೆ ಒರಗಿದ್ದಳು. ನಾನು ಶುರು ಮಾಡಿದೆ. ಹಡಗು, ಬೆಂಕಿ ಎಲ್ಲವನ್ನೂ ಇದ್ದ ಹಾಗೇ ಹೇಳಿದೆ. ಕಬ್ಬಿಣದವನನ್ನು ಅಗೆದು ತೆಗೆದದ್ದನ್ನೂ ಹೇಳಿದೆ. ಹೆಂಗಸು ಎದುರಿಗೆ ಓಡಿದಳು ಎನ್ನುವಲ್ಲಿಗೆ ಬಂದು ಗಿರಿಜಕ್ಕನ ಬೆರಳು ನೋಡಿದೆ. ಅರ್ಧ ಸುತ್ತಿದ ಬೀಡಿ ಅವಳ ಹೆಬ್ಬೆರಳಿನ ಕೆಳಗೆ ಹಾಗೇ ನಿಂತಿತ್ತು.

ಅವನಿಗೆ ಅವಳ ಗುರುತು ಸಿಕ್ಕಿತು ಎಂದು ಹೇಳಿಬಿಟ್ಟೆ. ಯಜಮಾನರು ಎಷ್ಟು ತಿದ್ದಿದರೂ ಒಳಗಿನ ಒಳ್ಳೆಯತನ ಹೋಗಿರಲಿಲ್ಲ ಎಂದೆ. ಅವಳ ಮನೆಯ ಬಾಗಿಲಲ್ಲಿ ಕಾವಲು ನಿಂತ ಎಂದೆ.

"ಹಾಗೆ ಅಲ್ಲ," ಎಂದಳು ಜೆಸಿಂತಾ.

ಅವಳು ದನಿ ಏರಿಸಿರಲಿಲ್ಲ. ಆದರೂ ಜಗಲಿಯಲ್ಲಿ ಎಲೆ ಕತ್ತರಿಸುವ ಕತ್ತರಿಗಳ ಸದ್ದು ನಿಂತಿತು. ಗಿರಿಜಕ್ಕ ಅವಳನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ಯಾವುದು ಸರಿ ಎಂದು ಕೇಳಿದಳು. ಗಿರಿಜಕ್ಕನ ಮನಸ್ಸು ಮುರಿಯಬಾರದು ಎಂದು ನಾನು ಹಾಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ, ನನ್ನ ಜಗಲಿಯಲ್ಲಿ ನನ್ನ ಮಾತು ಬೀಳುವುದನ್ನು ನಾನು ತಡೆದುಕೊಳ್ಳಲಾರದೆ ಇದ್ದದ್ದು.

"ಅವಳಿಗೆ ಅರ್ಧ ಸಿನೆಮಾ ನಿದ್ದೆ ಬಂದಿತ್ತು," ಎಂದೆ.

ಎಲ್ಲರೂ ನಕ್ಕರು. ಜೆಸಿಂತಾ ನನ್ನನ್ನೇ ನೋಡಿದಳು, ಕೋಲನ್ನು ಮೆಟ್ಟಿಲ ಮೇಲೆ ಮೆಲ್ಲನೆ ಇಟ್ಟು ಎದ್ದು ಹೋದಳು. ಅಜ್ಜಿ ಮುಂದೆ ಹೇಳು ಎಂದರು. ಕಾಗೆಗಳು ಹಪ್ಪಳಕ್ಕೆ ಇಳಿದವು, ಓಡಿಸುವವರಿರಲಿಲ್ಲ. ನಾನು ಮುಂದೆ ಹೇಳಿದೆ, ಎಂದಿಗಿಂತ ಚೆನ್ನಾಗಿಯೇ ಹೇಳಿದೆ.

ಮರುದಿನ ಬೆಳಿಗ್ಗೆ ಗಿರಿಜಕ್ಕ ಗಂಡನ ಅಣ್ಣನ ಜೊತೆ ಕಾರ್ಕಳದ ಬಸ್ಸು ಹತ್ತಿದಳು. ಹೊಸ ಸೀರೆ ಉಟ್ಟಿದ್ದಳು. ನನ್ನ ಕೆನ್ನೆ ತಟ್ಟಿ ಹೋದಳು.

ಆಮೇಲಿನ ಎರಡು ತಿಂಗಳು ನಾನು ಹೇಗೆ ಕಳೆದೆ ಎಂದು ನನಗೇ ಗೊತ್ತು. ರಸ್ತೆಯಲ್ಲಿ ಬಸ್ಸು ನಿಂತ ಸದ್ದು ಕೇಳಿದರೆ ಊಟ ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ. ಅವಳು ಬರಬಾರದು, ಬಂದರೆ ನಗುತ್ತಾ ಬರಬೇಕು ಎಂದು ದಿನಾ ಬೇಡಿಕೊಳ್ಳುತ್ತಿದ್ದೆ. ಕಾರ್ಕಳದಿಂದ ಬಂದವರು ಯಾರಾದರೂ ಅವಳ ತಾಯಿಯ ಹತ್ತಿರ ಮಾತಾಡುತ್ತಿದ್ದರೆ ಬೇಲಿಯ ಹತ್ತಿರ ಹೂ ಕೊಯ್ಯುವ ನೆಪ ಮಾಡಿ ನಿಲ್ಲುತ್ತಿದ್ದೆ. ಜೆಸಿಂತಾ ನನ್ನ ಜೊತೆ ಮಾತು ಬಿಟ್ಟಿದ್ದಳು. ಶಾಲೆ ಶುರುವಾದ ಮೇಲೆ ಬೇರೆ ಬೆಂಚಿಗೆ ಹೋದಳು.

ಮಳೆ ಬಿಡದೆ ಹೊಯ್ಯುವ ಆಟಿ ತಿಂಗಳಲ್ಲಿ ಗಿರಿಜಕ್ಕ ವಾಪಸು ಬಂದಳು. ಬಲಗೈಯ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಬಟ್ಟೆ ಬಿಚ್ಚಿದ ಮೇಲೂ ಆ ಬೆರಳು ಮಡಿಯಲಿಲ್ಲ. ಬೀಡಿ ಸುತ್ತುವುದು ಹೆಬ್ಬೆರಳಿನ ಕೆಲಸ. ಅವಳು ಮೊದಲಿನ ಜಾಗದಲ್ಲೇ ಕೂತು, ಬೇರೆಯವರು ಸುತ್ತಿದ್ದನ್ನು ಕಟ್ಟುಗಳಾಗಿ ಜೋಡಿಸಿ ಕೊಡತೊಡಗಿದಳು.

ನಾನು ಒಂದು ವಾರ ಅವಳ ಎದುರಿಗೆ ಹೋಗಲಿಲ್ಲ. ಕೊನೆಗೆ ತಡೆಯದೆ, ಅವಳು ಒಬ್ಬಳೇ ಒಲೆಯ ಮುಂದೆ ಇದ್ದಾಗ ಹೋಗಿ ಎಲ್ಲವನ್ನೂ ಹೇಳಿ ಅತ್ತೆ. ಅವಳು ಎಡಗೈಯಲ್ಲಿ ಕಟ್ಟಿಗೆ ಮುಂದಕ್ಕೆ ದೂಡುತ್ತಾ ಎಲ್ಲ ಕೇಳಿಸಿಕೊಂಡಳು.

"ನನಗೆ ಗೊತ್ತಿತ್ತು ಶಾಲು. ಆ ದಿನ ಸಂಜೆಯೇ ಜೆಸಿಂತಾ ಬಂದು ಪೂರಾ ಸಿನೆಮಾ ಹೇಳಿ ಹೋದಳು. ಪಾಪ, ಏದುಸಿರು ಬಿಡ್ತಾ ಇದ್ದಳು. ಅವಳದು ನಿಜ ಅಂತ ನನಗೆ ಆಗಲೇ ಅನಿಸಿತ್ತು." ಒಲೆಯನ್ನು ಒಮ್ಮೆ ಊದಿ ಹೇಳಿದಳು: "ನಿನ್ನದು ಚೆಂದ ಇತ್ತು. ಹಾಗಾಗಿ ಅದನ್ನೇ ಇಟ್ಟುಕೊಂಡೆ."

ಅವಳು ನನ್ನನ್ನು ಸಮಾಧಾನ ಮಾಡಲು ಹೇಳಿದ್ದು ಅದು. ನನಗೆ ಸಮಾಧಾನ ಆಗಲಿಲ್ಲ, ಇಂದಿಗೂ ಆಗಿಲ್ಲ. ಅವಳು ಹೋಗಲು ದೊಡ್ಡವರ ಒತ್ತಾಯ, ತಾಯಿಯ ಮನೆಯ ಕಷ್ಟ, ಹೀಗೆ ನೂರು ಕಾರಣ ಇದ್ದಿರಬಹುದು. ಅವುಗಳ ನಡುವೆ ನನ್ನದೂ ಒಂದು ಇತ್ತು. ಆಮೇಲೆ ಜಗಲಿಯಲ್ಲಿ ನಾನು ಕತೆ ಹೇಳಲಿಲ್ಲ. ಹೆಂಗಸರು ಒಂದೆರಡು ಸಲ ಕೇಳಿದರು, ಮತ್ತೆ ರೇಡಿಯೋ ತಂದಿಟ್ಟುಕೊಂಡರು.

ಹೋದ ತಿಂಗಳು ಮಣಿಪಾಲದಲ್ಲಿ ಮಗಳ ಜೊತೆ ಯಾವುದೋ ಸಿನೆಮಾದ ಎರಡನೆಯ ಭಾಗ ನೋಡಿದೆ. ಹೊರಗೆ ಬಂದ ಹುಡುಗ ಹುಡುಗಿಯರೆಲ್ಲ ಮೊಬೈಲ್ ಹಿಡಿದು, ಇದು ಮೊದಲನೆಯದನ್ನು ಮೀರಿಸಿತೋ ಇಲ್ಲವೋ ಎಂದು ವಾದ ಮಾಡುತ್ತಿದ್ದರು. ನಿನಗೆ ಯಾವುದು ಹಿಡಿಸಿತು ಎಂದು ಮಗಳು ಕೇಳಿದಳು. ಮೊದಲನೆಯದು ಎಂದೆ. ಯಾವ ಸಿನೆಮಾ ಬಂದರೂ ನಾನು ಹಾಗೇ ಹೇಳುವುದು ಎಂದು ಅವಳು ನಗುತ್ತಾಳೆ.

ಈಗ ಸಿನೆಮಾವನ್ನು ಯಾರೂ ಯಾರಿಗೂ ಹೇಳಬೇಕಾಗಿಲ್ಲ, ಎಲ್ಲರ ಕೈಯಲ್ಲೂ ಉಂಟು, ಸುಳ್ಳು ಹೇಳಿದರೆ ಅರೆ ನಿಮಿಷದಲ್ಲಿ ಸಿಕ್ಕಿಬೀಳುತ್ತೇವೆ. ನನ್ನ ತಮ್ಮ ಜಗಲಿಯನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಿದ್ದಾನೆ. ಬೀಡಿ ಕಟ್ಟುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ತೀರಿಕೊಂಡರು, ಅಜ್ಜಿ ಹೋದರು, ಅಮ್ಮ ಹೋದರು, ಕೊನೆಗೆ ಕಳೆದ ವರ್ಷ ಗಿರಿಜಕ್ಕನೂ ಹೋದಳು. ಜೆಸಿಂತಾ ಉಡುಪಿಯಲ್ಲೇ ಇದ್ದಾಳೆ. ಅಂಗಡಿಯಲ್ಲಿ ಸಿಕ್ಕಿದರೆ ಮಕ್ಕಳ ಓದು, ಮೀನಿನ ರೇಟು ಎಲ್ಲ ಮಾತಾಡುತ್ತೇವೆ. ತಪ್ಪಾಯಿತು ಎಂದು ಅವಳಿಗೆ ನಾನು ಈಗಲೂ ಹೇಳಬಹುದು. ಆದರೆ ಅವಳಿಗೆ ನಿದ್ದೆ ಬಂದಿರಲಿಲ್ಲ ಎಂದು ನಾನು ಹೇಳಬೇಕಾದದ್ದು ಅವಳಿಗಲ್ಲ, ಆ ದಿನ ನಕ್ಕವರಿಗೆ. ಅವರಲ್ಲಿ ಯಾರೂ ಈಗ ಉಳಿದಿಲ್ಲ.